ಯಂತ್ರಗಳ ಗುಟ್ಟು ಕಾಯುವ ಕಸುಬು

ಅಮೆರಿಕದ ಕಂಪ್ಯೂಟರ್ ತಜ್ಞರ ಸಂಘ ಎಸಿಎಂ ಹೊರತರುವ ಮಾಸಪತ್ರಿಕೆಯ 1979ರ ನವೆಂಬರ್ ಸಂಚಿಕೆಯಲ್ಲಿ ಇಪ್ಪತ್ತೇ ಪುಟಗಳೊಳಗೆ ಎರಡು ಪುಟ್ಟ ಪ್ರಬಂಧಗಳಿವೆ. 594ನೇ ಪುಟದಲ್ಲಿ ಶುರುವಾಗುವುದು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಬರೆದದ್ದು. ಯೂನಿಕ್ಸ್‌ನಲ್ಲಿ ಪಾಸ್‌ವರ್ಡುಗಳನ್ನು ಕಾಪಾಡಿಕೊಂಡು ಬಂದ ಕಥೆ ಅದು. 612ನೇ ಪುಟದಲ್ಲಿರುವುದು ಆಗ ಎಂಐಟಿಯಲ್ಲಿದ್ದ ಅದಿ ಶಮೀರ್ ಅವರದು. ಒಂದು ಗುಟ್ಟನ್ನು ಹಲವರಲ್ಲಿ ಹಂಚಿಯೂ ಅವರಲ್ಲಿ ಯಾರೊಬ್ಬರಿಗೂ ಅದು ತಿಳಿಯದಂತೆ ಇಡುವುದು ಹೇಗೆಂದು ಎರಡು ಪುಟಗಳಲ್ಲಿ ಹೇಳಿ ಮುಗಿಸುವ ಗಣಿತ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಬೆಂಗಳೂರಿನಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಇವತ್ತು ಒಂದು ಕಂಟೇನರ್ ಕ್ಲಸ್ಟರನ್ನು ಅದರ ಹೊರಗೆ ನಿಂತು ಪಾಸ್‌ವರ್ಡು, ಕೀಲಿಗಳನ್ನು ಕಾಯುವ ‘ಗುಟ್ಟಿನ ಸರ್ವರಿ’ಗೆ ಜೋಡಿಸಲು ಕುಳಿತರೆ ಆ ಎರಡೂ ಪ್ರಬಂಧಗಳ ವಿಚಾರ ಅದರೊಳಗೆ ಕೆಲಸ ಮಾಡುತ್ತಿರುತ್ತದೆ. ಈ ಕಸುಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಕಮಾಂಡುಗಳು ಚೆನ್ನಾಗಿ ಗೊತ್ತಿರುತ್ತವೆ. ಅವುಗಳ ಬೆನ್ನಿಗಿರುವ ಅರವತ್ತು ವರ್ಷಗಳ ಚರಿತ್ರೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದು ಗೊತ್ತಿದ್ದರೆ ಕೆಲಸದ ರೀತಿಯೇ ಬೇರೆಯಾಗುತ್ತದೆ ಎಂದು ನಾನು ನಂಬಿದ್ದೇನೆ.

ಚರಿತ್ರೆ ಶುರುವಾಗುವುದು 1961ರಲ್ಲಿ, ಎಂಐಟಿಯಲ್ಲಿ. ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸಬಹುದಾದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಆ ವರ್ಷ ನವೆಂಬರಿನಲ್ಲಿ ತೋರಿಸಿದರು. ಹಲವರ ಫೈಲುಗಳು ಒಂದೇ ಕಡೆ ಇರುವುದರಿಂದ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಡಬೇಕಾಯಿತು. ಆ ಪಾಸ್‌ವರ್ಡುಗಳೆಲ್ಲ ಒಂದು ಫೈಲಿನಲ್ಲಿ, ಓದಲು ಬರುವ ಅಕ್ಷರಗಳಲ್ಲೇ ಇದ್ದವು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ ವಿದ್ಯಾರ್ಥಿಗೆ ತನಗೆ ಹಂಚಿಕೆಯಾದ ಕಂಪ್ಯೂಟರ್ ಸಮಯ ಸಾಲಲಿಲ್ಲ. ಆ ಫೈಲನ್ನು ಮುದ್ರಿಸಿ ಕೊಡುವಂತೆ ಪಂಚ್ ಕಾರ್ಡ್ ಮೂಲಕ ಕೋರಿಕೆ ಹಾಕಿದರು. ಕೋರಿಕೆ ಹಾಗೆಯೇ ನೆರವೇರಿತು. ಬೇರೆಯವರ ಹೆಸರಿನಲ್ಲಿ ಕೆಲಸ ಮುಂದುವರಿಯಿತು. 1966ರಲ್ಲಿ ಇನ್ನೊಂದು ಘಟನೆ ನಡೆಯಿತು. ಇಬ್ಬರು ನಿರ್ವಾಹಕರು ಒಂದೇ ಹೊತ್ತಿನಲ್ಲಿ ಎರಡು ಫೈಲುಗಳನ್ನು ತಿದ್ದುತ್ತಿದ್ದರು. ಒಬ್ಬರು ದಿನದ ಪ್ರಕಟಣೆ ಬರೆಯುತ್ತಿದ್ದರೆ ಇನ್ನೊಬ್ಬರ ಕೈಯಲ್ಲಿ ಪಾಸ್‌ವರ್ಡುಗಳ ಫೈಲಿತ್ತು. ತಿದ್ದುವ ಪ್ರೋಗ್ರಾಂ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಫೈಲು ಬಳಸಿದ್ದರಿಂದ ಎರಡೂ ಅದಲುಬದಲಾದವು. ಆಮೇಲೆ ಲಾಗಿನ್ ಆದವರ ಮುಂದೆಲ್ಲ ಎಲ್ಲರ ಪಾಸ್‌ವರ್ಡುಗಳೂ ಅಚ್ಚಾಗಿ ಬಂದವು. ಕೊರ್ಬಾಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನು ಸ್ವತಃ ಹೇಳಿಕೊಂಡಿದ್ದಾರೆ. ಅಲ್ಲಿ ಕಳ್ಳನೇ ಇರಲಿಲ್ಲ. ಇದ್ದದ್ದು ಓದಲು ಬರುವಂತೆ ಒಂದೇ ಕಡೆ ಕೂಡಿಟ್ಟ ಗುಟ್ಟುಗಳು, ಜೊತೆಗೆ ಒಂದು ಸಣ್ಣ ದೋಷ.

ಮಾರಿಸ್ ಮತ್ತು ಥಾಂಪ್ಸನ್ ಇದಕ್ಕೆ ಉತ್ತರ ಕಂಡುಕೊಂಡರು. ಪಾಸ್‌ವರ್ಡನ್ನೇ ಇಡಬೇಡಿ, ಅದನ್ನು ಹಿಂದಕ್ಕೆ ತಿರುಗಿಸಲಾಗದಂತೆ ಅರೆದು ಬಂದದ್ದನ್ನು ಮಾತ್ರ ಇಡಿ ಎಂದರು. ಬಳಕೆದಾರ ಟೈಪ್ ಮಾಡಿದ್ದನ್ನು ಪ್ರತಿ ಸಲವೂ ಹಾಗೆಯೇ ಅರೆದು, ಇಟ್ಟಿದ್ದಕ್ಕೆ ಹೋಲಿಸಿದರಾಯಿತು. ಡಿಇಎಸ್ ಎಂಬ ಗೂಢಲಿಪಿ ವಿಧಾನವನ್ನು 25 ಸಲ ಸುತ್ತಿಸಿ, ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಫಲಿತಾಂಶ ಬೇರೆಯಾಗುವಂತೆ 12 ಬಿಟ್‌ಗಳ ‘ಸಾಲ್ಟ್’ ಬೆರೆಸಿದರು. ಜನ ಎಂಥ ಪಾಸ್‌ವರ್ಡ್ ಇಡುತ್ತಾರೆಂದು 3,289 ಪಾಸ್‌ವರ್ಡುಗಳನ್ನು ಕಲೆಹಾಕಿ ಪರೀಕ್ಷಿಸಿದಾಗ ಅವುಗಳಲ್ಲಿ 2,831, ಅಂದರೆ ಶೇಕಡ 86ರಷ್ಟು, ಸುಲಭವಾಗಿ ಊಹಿಸಬಹುದಾದವೇ ಆಗಿದ್ದವು. ನಾಲ್ಕು ಪುಟಗಳ ಆ ಬರಹ ನನಗೆ ಈಗಲೂ ಮಾದರಿ. ತಮ್ಮ ಹಳೆಯ ವ್ಯವಸ್ಥೆ ಎಲ್ಲಿ ಸೋತಿತೆಂದು ಅವರು ಒಂದೊಂದಾಗಿ ಹೇಳುತ್ತಾರೆ.

ಮುಂದಿನ ಹೆಜ್ಜೆ ಮತ್ತೆ ಎಂಐಟಿಯದು. 1983ರಲ್ಲಿ ಡಿಇಸಿ ಮತ್ತು ಐಬಿಎಂ ಕಂಪನಿಗಳ ಜೊತೆಗೂಡಿ ಅಲ್ಲಿ ಅಥೀನಾ ಯೋಜನೆ ಶುರುವಾಯಿತು. ಕ್ಯಾಂಪಸ್ ತುಂಬ ಕಂಪ್ಯೂಟರುಗಳು, ಯಾವ ವಿದ್ಯಾರ್ಥಿ ಯಾವುದರ ಮುಂದೆ ಬೇಕಾದರೂ ಕೂರಬಹುದು. ಆ ಜಾಲದ ಮೇಲೆ ಪಾಸ್‌ವರ್ಡು ಹರಿದಾಡಿದರೆ ನಡುವೆ ಕದ್ದು ಕೇಳುವವರಿಗೆ ಹಬ್ಬ. ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ 1978ರಲ್ಲಿ ಪ್ರಕಟಿಸಿದ್ದ ವಿಧಾನವನ್ನು ಆಧರಿಸಿ ಅಲ್ಲಿ ಕೆರ್ಬರೋಸ್ ರೂಪುಗೊಂಡಿತು. ಎಲ್ಲರೂ ನಂಬುವ ಒಂದು ಸರ್ವರು ಪ್ರತ್ಯೇಕವಾಗಿ ನಿಂತು, ನೀವು ಯಾರೆಂದು ಒಮ್ಮೆ ಖಾತ್ರಿ ಮಾಡಿಕೊಂಡು ಟಿಕೆಟ್ ಕೊಡುತ್ತದೆ. ಮುಂದೆ ಯಾವ ಸೇವೆ ಬೇಕಿದ್ದರೂ ತೋರಿಸಬೇಕಾದದ್ದು ಟಿಕೆಟ್ಟನ್ನು ಮಾತ್ರ. ಅದಕ್ಕೆ ಆಯಸ್ಸಿದೆ. ನಾಲ್ಕನೇ ಆವೃತ್ತಿಯಲ್ಲಿ ಆಯಸ್ಸನ್ನು ಐದೈದು ನಿಮಿಷದ ಲೆಕ್ಕದಲ್ಲಿ ಎಂಟು ಬಿಟ್‌ಗಳಲ್ಲಿ ಬರೆಯುತ್ತಿದ್ದುದರಿಂದ 21 ಗಂಟೆ 15 ನಿಮಿಷ ದಾಟಿ ಟಿಕೆಟ್ ಬದುಕುವಂತೆಯೇ ಇರಲಿಲ್ಲ. ಕದ್ದ ಟಿಕೆಟ್ ಮರುದಿನಕ್ಕೆ ಬರೀ ಕಸ. ಅಲ್ಲಿಯವರೆಗೆ ಈ ಕಸುಬು ‘ಗುಟ್ಟನ್ನು ಎಲ್ಲಿಡೋಣ’ ಎಂದು ಕೇಳುತ್ತಿತ್ತು. ಕೆರ್ಬರೋಸ್ ಬಂದ ಮೇಲೆ ‘ಕೇಳುತ್ತಿರುವವರು ಯಾರು, ಎಷ್ಟು ಹೊತ್ತಿಗೆ’ ಎಂದು ಕೇಳಲು ಕಲಿಯಿತು.

ಇಷ್ಟೆಲ್ಲ ನಡೆದದ್ದು ಮನುಷ್ಯರ ಪಾಸ್‌ವರ್ಡಿನ ವಿಷಯದಲ್ಲಿ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಬೇರೊಂದು ಬಗೆಯ ಪಾಸ್‌ವರ್ಡು ಎಲ್ಲ ಕಡೆ ತುಂಬಿಕೊಂಡಿತ್ತು. ಅದನ್ನು ಬಳಸುವವರು ಪ್ರೋಗ್ರಾಂಗಳು. ಒಂದು ಪ್ರೋಗ್ರಾಂ ರಾತ್ರಿ ಎರಡು ಗಂಟೆಗೆ ತಾನಾಗಿ ಎದ್ದು ಡೇಟಾಬೇಸಿನ ಬಾಗಿಲು ತಟ್ಟಬೇಕು. ಪಾಸ್‌ವರ್ಡ್ ಟೈಪ್ ಮಾಡಲು ಆ ಹೊತ್ತಿನಲ್ಲಿ ಯಾರಿರುತ್ತಾರೆ? ಇಲ್ಲಿ ಮಾರಿಸ್ ಮತ್ತು ಥಾಂಪ್ಸನ್ನರ ಉಪಾಯ ನೆರವಿಗೆ ಬರುವುದಿಲ್ಲ. ಅರೆದಿಟ್ಟದ್ದು ಬಂದವರನ್ನು ಪರೀಕ್ಷಿಸಲು ಸಾಕು, ತಾನೇ ಹೋಗಿ ಇನ್ನೊಬ್ಬರ ಬಾಗಿಲು ತೆರೆಸಬೇಕಾದವನ ಬಳಿ ಅಸಲಿ ಪಾಸ್‌ವರ್ಡೇ ಇರಬೇಕು. ಹೀಗಾಗಿ 1962ರಲ್ಲಿ ಎಲ್ಲಿದ್ದೆವೋ ಅಲ್ಲಿಗೇ ಬಂದು ನಿಂತಿದ್ದೆವು. ಕಾನ್ಫಿಗರೇಷನ್ ಫೈಲಿನಲ್ಲಿ, ಓದಲು ಬರುವ ಅಕ್ಷರಗಳಲ್ಲಿ ಪಾಸ್‌ವರ್ಡುಗಳು.

ನನ್ನ ಮೊದಲ ಕೆಲಸದ ಜಾಗದಲ್ಲಿ ಮುಖ್ಯ ಪಾಸ್‌ವರ್ಡುಗಳನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಅಂಟಿನ ಮೇಲೆ ಸಹಿ ಮಾಡಿ ಮ್ಯಾನೇಜರರ ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದರು. ಲಕೋಟೆ ತೆರೆದವರು ಪುಸ್ತಕದಲ್ಲಿ ಹೆಸರು, ಸಮಯ, ಕಾರಣ ಬರೆಯಬೇಕು. ಆ ಪದ್ಧತಿಯಲ್ಲಿ ಒಂದು ಮರ್ಯಾದೆ ಇತ್ತು. ಆದರೆ ಬೀರುವಿನೊಳಗೆ ಅಷ್ಟು ಜೋಪಾನವಾಗಿದ್ದ ಅದೇ ಪಾಸ್‌ವರ್ಡು ಹೊರಗೆ ಎಷ್ಟೋ ಫೈಲುಗಳಲ್ಲಿ ಬಿದ್ದಿರುತ್ತಿತ್ತು. ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟುಹೋದಾಗ, ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸೋಣವೇ ಎಂದು ಹಿರಿಯರೊಬ್ಬರನ್ನು ಕೇಳಿದೆ. “ಅದನ್ನ ಮಾತ್ರ ಮುಟ್ಟಬೇಡಪ್ಪ. ಎಲ್ಲೆಲ್ಲಿ ಬರೆದಿದಾರೋ ಯಾರಿಗೆ ಗೊತ್ತು. ಯಾವ್ದು ನಿಂತುಹೋಗತ್ತೋ ಹೇಳಕ್ಕಾಗಲ್ಲ” ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಬದಲಾಯಿಸಲು ಹೆದರಬೇಕಾದ ಬೀಗ ಕಾವಲಿಗೆ ಬಾರದು. ಆ ಕಾಲದ ಬೇರೆ ಬೇರೆ ಆಫೀಸುಗಳಲ್ಲಿ ಕೆಲಸ ಮಾಡಿದ ಗೆಳೆಯರೂ ಇದನ್ನೇ ಹೇಳುತ್ತಿದ್ದರು.

2011ರಲ್ಲಿ ಹೆರೋಕು ಎಂಬ ಕ್ಲೌಡ್ ಕಂಪನಿಯ ಆಡಂ ವಿಗಿನ್ಸ್ ‘ಟ್ವೆಲ್ವ್ ಫ್ಯಾಕ್ಟರ್’ ಎಂಬ ಹನ್ನೆರಡು ಸೂತ್ರಗಳನ್ನು ಬರೆದರು. ಪಾಸ್‌ವರ್ಡುಗಳನ್ನು ಕೋಡಿನಿಂದ ಬೇರ್ಪಡಿಸಿ, ಪ್ರೋಗ್ರಾಂ ಓಡುವ ಪರಿಸರದಲ್ಲಿ ಇಡಿ ಎಂಬುದು ಅವುಗಳಲ್ಲಿ ಮೂರನೆಯದು. ಅದು ಒಳ್ಳೆಯ ಮಾತು, ಆದರೆ ಅರ್ಧ ದಾರಿಯದು. ಪರಿಸರದೊಳಗೆ ಅದನ್ನು ತಂದು ಹಾಕುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. 2014 ಆ ಪ್ರಶ್ನೆಯನ್ನು ಎಲ್ಲರ ಮುಂದೆ ತಂದಿಟ್ಟ ವರ್ಷ. ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾಗಿ, ಜಗತ್ತಿನಾದ್ಯಂತ ಸರ್ವರುಗಳ ಖಾಸಗಿ ಕೀಲಿಗಳನ್ನು ತರಾತುರಿಯಲ್ಲಿ ಬದಲಾಯಿಸಬೇಕಾಯಿತು. ಉಬರ್‌ನ ಎಂಜಿನಿಯರೊಬ್ಬರು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದ ಕೋಡಿನಲ್ಲಿ ಕ್ಲೌಡ್ ಕೀಲಿ ಸೇರಿಕೊಂಡಿತ್ತು. ಮೇ ತಿಂಗಳಲ್ಲಿ ಯಾರೋ ಅದನ್ನು ಹಿಡಿದು ಚಾಲಕರ ಮಾಹಿತಿಗೆ ಕೈಹಾಕಿದರು. ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಕ್ಲೌಡ್ ಖಾತೆಯೊಳಗೆ ಯಾರೋ ನುಗ್ಗಿ, ಹಣ ಕೇಳಿ, ಸಿಗದಿದ್ದಾಗ ಡೇಟಾವನ್ನೂ ಬ್ಯಾಕಪ್ಪುಗಳನ್ನೂ ಅಳಿಸಿಹಾಕಿದರು. ಬೇರೆಯವರ ಕೋಡನ್ನು ಜೋಪಾನ ಮಾಡುವುದೇ ಕಸುಬಾಗಿದ್ದ ಆ ಕಂಪನಿ ಬಾಗಿಲು ಮುಚ್ಚಿತು.

ಆ ಹೊತ್ತಿಗೆ, ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನೆಲ್ಲ ಒಂದೇ ಪೊಟ್ಟಣ ಕಟ್ಟುವ ಕಂಟೇನರುಗಳ ಕಾಲ ಬಂದಿತ್ತು. ಡಾಕರ್ 2013ರ ಮಾರ್ಚ್‌ನಲ್ಲಿ ಹೊರಬಂದಿತ್ತು, ಗೂಗಲ್ 2014ರ ಜೂನ್‌ನಲ್ಲಿ ಕ್ಲಸ್ಟರ್ ಎಂಬ ಯಂತ್ರಗಳ ಗುಂಪಿನಲ್ಲಿ ಅವನ್ನು ಹಂಚಿ ನಡೆಸುವ ಕುಬರ್ನೆಟಿಸ್ ಪ್ರಕಟಿಸಿತು. ಪ್ರೋಗ್ರಾಂಗಳು ಈಗ ಹೆಸರು ಹೇಳಿ ಕರೆಯಬಹುದಾದ ಒಂದು ಸರ್ವರಿನಲ್ಲಿ ನೆಲೆಸುತ್ತಿರಲಿಲ್ಲ. ಪಾಡ್‌ಗಳ (ಕಂಟೇನರುಗಳ ಪುಟ್ಟ ಘಟಕಗಳ) ರೂಪದಲ್ಲಿ ಹುಟ್ಟಿ, ಒಂದು ಯಂತ್ರ ಬಿದ್ದರೆ ಇನ್ನೊಂದರಲ್ಲಿ ಎದ್ದು, ಬೇಡವಾದಾಗ ಅಳಿಯುತ್ತಿದ್ದವು. ಲಕೋಟೆ, ಬೀರು, ಪುಸ್ತಕದಲ್ಲಿನ ಸಹಿ ಯಾವುದೂ ಈ ವೇಗಕ್ಕೆ ಸರಿಹೊಂದುವಂತಿರಲಿಲ್ಲ.

2015 ನಮ್ಮ ಕಸುಬಿನ ದೊಡ್ಡ ವರ್ಷ. ಏಪ್ರಿಲ್ 28ರಂದು ಹಾಶಿಕಾರ್ಪ್ ಕಂಪನಿ ವಾಲ್ಟ್ ಎಂಬ ಗುಟ್ಟಿನ ಸರ್ವರನ್ನು ಬಿಡುಗಡೆ ಮಾಡಿತು. ಮಿಚೆಲ್ ಹಾಶಿಮೊಟೊ ಮತ್ತು ಅರ್ಮಾನ್ ದಾದ್‌ಗರ್ 2012ರಲ್ಲಿ ಕಟ್ಟಿದ ಕಂಪನಿ ಅದು. ಜುಲೈ 21ರಂದು ಕುಬರ್ನೆಟಿಸ್ 1.0 ಬಂತು.

ವಾಲ್ಟ್ ಎದ್ದಾಗ ಬೀಗ ಹಾಕಿಕೊಂಡೇ ಏಳುತ್ತದೆ. ಡಿಸ್ಕಿನ ಮೇಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದನ್ನು ಬಿಡಿಸುವ ಕೀಲಿ ಅದರ ಬಳಿಯೇ ಇರುವುದಿಲ್ಲ. ಮೊದಲು ಸ್ಥಾಪಿಸುವಾಗಲೇ ಆ ಕೀಲಿಯನ್ನು ರೂಢಿಯಂತೆ ಐದು ಪಾಲು ಮಾಡಿ ಐದು ಜನರಿಗೆ ಕೊಟ್ಟಿರುತ್ತದೆ. ಅವರಲ್ಲಿ ಯಾರಾದರೂ ಮೂವರು ತಮ್ಮ ಪಾಲನ್ನು ಹಾಕಿದರೆ ಮಾತ್ರ ಬೀಗ ತೆರೆಯುತ್ತದೆ. ಇದು 612ನೇ ಪುಟದ ಶಮೀರರ ಗಣಿತ. ನಮ್ಮಪ್ಪ ಹಾಸನ ಜಿಲ್ಲೆಯ ಒಂದು ಉಪಖಜಾನೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಛಾಪಾ ಕಾಗದ, ಪರೀಕ್ಷೆ ಕಾಲದಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟು ಎಲ್ಲ ‘ಡಬಲ್ ಲಾಕ್’ನಲ್ಲಿ ಇರುತ್ತಿದ್ದವು. ಒಂದೇ ಬಾಗಿಲಿಗೆ ಎರಡು ಬೀಗ, ಇಬ್ಬರ ಬಳಿ ಒಂದೊಂದು ಕೀಲಿ. ಒಬ್ಬರ ಆಸೆಗೆ ಇನ್ನೊಬ್ಬರು ತಡೆ. ಆದರೆ ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ಬಾಗಿಲು ತೆರೆಯುವಂತಿಲ್ಲ. ಹನ್ನೊಂದು ಜನರಲ್ಲಿ ಯಾರಾದರೂ ಆರು ಜನ ಸೇರಿದರೆ ತೆರೆಯಬೇಕು ಎಂದರೆ? ಕಬ್ಬಿಣದ ಬೀಗಗಳಲ್ಲಿ ಅದನ್ನು ಮಾಡಲು 462 ಬೀಗಗಳೂ ಒಬ್ಬೊಬ್ಬರಿಗೆ 252 ಕೀಲಿಗಳೂ ಬೇಕೆಂದು ಶಮೀರ್ ತಮ್ಮ ಪ್ರಬಂಧದ ಶುರುವಿನಲ್ಲೇ ಹೇಳುತ್ತಾರೆ. ಅವರ ಉಪಾಯ ಹೈಸ್ಕೂಲಿನ ಗಣಿತದಷ್ಟು ಸರಳ. ಎರಡು ಬಿಂದುಗಳ ಮೂಲಕ ಒಂದೇ ಸರಳರೇಖೆ ಹಾಯುತ್ತದೆ, ಒಂದೇ ಬಿಂದು ಕೊಟ್ಟರೆ ಲೆಕ್ಕವಿಲ್ಲದಷ್ಟು ರೇಖೆಗಳು. ಮೂರು ಜನ ಬೇಕೆಂದರೆ ರೇಖೆಯ ಬದಲು ಪರವಲಯ. ವಕ್ರರೇಖೆ ನಿಲುವಕ್ಷವನ್ನು ಕಡಿಯುವ ಜಾಗದಲ್ಲಿ ಗುಟ್ಟು, ರೇಖೆಯ ಮೇಲಿನ ಒಂದೊಂದು ಬಿಂದು ಒಬ್ಬೊಬ್ಬರ ಪಾಲು. ಇಬ್ಬರ ಬಿಂದುಗಳು ಸೇರಿದರೂ ಗುಟ್ಟಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಇತ್ತ ಕುಬರ್ನೆಟಿಸ್‌ನೊಳಗೂ ‘ಸೀಕ್ರೆಟ್’ ಎಂಬ ಹೆಸರಿನ ಜಾಗವಿತ್ತು. ಆದರೆ ಅದರಲ್ಲಿ ಇಟ್ಟದ್ದು ಬೇಸ್64 ಎಂಬ ರೂಪಕ್ಕೆ ಬದಲಾಗಿ ಕ್ಲಸ್ಟರಿನ ಎಟ್‌ಸಿಡಿ ಉಗ್ರಾಣದಲ್ಲಿ ಕೂರುತ್ತಿತ್ತು. ಬೇಸ್64 ಗೂಢಲಿಪಿಯಲ್ಲ, ಯಾರು ಬೇಕಾದರೂ ಒಂದು ಕ್ಷಣದಲ್ಲಿ ಹಿಂದಕ್ಕೆ ತಿರುಗಿಸಬಹುದು. ಎಟ್‌ಸಿಡಿಯಲ್ಲಿರುವುದನ್ನು ಗೂಢಲಿಪಿಯಲ್ಲಿಡುವ ಸೌಕರ್ಯ 2017ರಲ್ಲಿ ಪ್ರಾಯೋಗಿಕವಾಗಿ ಬಂದು, 2018ರ ಕೊನೆಗೆ 1.13ನೇ ಆವೃತ್ತಿಯಲ್ಲಿ ಗಟ್ಟಿಯಾಯಿತು. ಆ ವರ್ಷದ ಫೆಬ್ರುವರಿಯಲ್ಲಿ ಟೆಸ್ಲಾ ಕಂಪನಿಯ ಸುದ್ದಿ ಬಂದಿತ್ತು. ಅದರ ಕುಬರ್ನೆಟಿಸ್ ಡ್ಯಾಶ್‌ಬೋರ್ಡ್ ಪಾಸ್‌ವರ್ಡಿಲ್ಲದೆ ತೆರೆದುಕೊಂಡಿದ್ದುದನ್ನು ರೆಡ್‌ಲಾಕ್ ಎಂಬ ಸುರಕ್ಷತಾ ಕಂಪನಿ ಪತ್ತೆಹಚ್ಚಿತ್ತು. ಒಳಗೆ ಹೋದವರಿಗೆ ಒಂದು ಪಾಡ್‌ನಲ್ಲಿ ಅಮೆಜಾನ್ ಕ್ಲೌಡ್‌ನ ಕೀಲಿಗಳೂ ಸಿಕ್ಕಿದ್ದವು. ಕ್ಲಸ್ಟರಿನೊಳಗೆ ಕಾಲಿಟ್ಟವರಿಗೆ ಅದರ ಆಚೆಗಿನದೂ ಸಿಗುವಂತಿರಬಾರದು ಎಂಬ ಪಾಠ ಆಗ ನಮಗೆಲ್ಲ ಗಟ್ಟಿಯಾಗಿ ತಲುಪಿತು. ಬಳಸುವ ಜಾಗ ಬೇರೆ, ಕಾಯುವ ಜಾಗ ಬೇರೆ ಇರಬೇಕು. ಗುಟ್ಟಿನ ಸರ್ವರನ್ನು ಕ್ಲಸ್ಟರಿನ ಹೊರಗೆ ನಿಲ್ಲಿಸುವುದಕ್ಕೆ ಇದೇ ಕಾರಣ. ಜೊತೆಗೆ, ಹಲವು ಕ್ಲಸ್ಟರುಗಳೂ ಹಳೆಯ ಸರ್ವರುಗಳೂ ಒಂದೇ ಕಡೆ ಕೇಳಿ ಪಡೆಯಬಹುದು, ಒಂದು ಕ್ಲಸ್ಟರನ್ನು ಕೆಡವಿ ಹೊಸದು ಕಟ್ಟಿದರೂ ಗುಟ್ಟುಗಳು ಅಲುಗಾಡುವುದಿಲ್ಲ.

ಆದರೆ ಈಗಷ್ಟೇ ಹುಟ್ಟಿದ ಪಾಡ್ ಒಂದು ಹೊರಗಿನ ಸರ್ವರಿನ ಮುಂದೆ ನಿಂತು ತಾನು ಯಾರೆಂದು ಹೇಗೆ ಹೇಳಿಕೊಳ್ಳಬೇಕು? ಅದಕ್ಕೊಂದು ಪಾಸ್‌ವರ್ಡ್ ಕೊಟ್ಟರೆ, ಆ ಪಾಸ್‌ವರ್ಡನ್ನು ಎಲ್ಲಿಡುವುದೆಂಬ ಹಳೆಯ ಪ್ರಶ್ನೆಯೇ ಮತ್ತೆ ಬಂತು. 2017ರ ಸೆಪ್ಟೆಂಬರ್‌ನಲ್ಲಿ ವಾಲ್ಟ್‌ಗೆ ಸೇರಿದ ಕುಬರ್ನೆಟಿಸ್ ದೃಢೀಕರಣ ಇದನ್ನು ಬಿಡಿಸಿತು. ಪ್ರತಿ ಪಾಡ್‌ಗೂ ಅದು ಹುಟ್ಟುವಾಗಲೇ ಕುಬರ್ನೆಟಿಸ್ ತಾನು ಸಹಿ ಮಾಡಿದ ಒಂದು ಟೋಕನ್ ಇಟ್ಟಿರುತ್ತದೆ. ಪಾಡ್ ಅದನ್ನು ವಾಲ್ಟ್‌ಗೆ ತೋರಿಸುತ್ತದೆ. ವಾಲ್ಟ್ ಅದನ್ನು ಕಣ್ಣುಮುಚ್ಚಿ ನಂಬದೆ, ಕ್ಲಸ್ಟರಿಗೆ ಬರುವ ಕೋರಿಕೆಗಳನ್ನೆಲ್ಲ ನೋಡಿಕೊಳ್ಳುವ ಎಪಿಐ ಸರ್ವರನ್ನೇ ಕೇಳುತ್ತದೆ: ಇದು ನೀನು ಕೊಟ್ಟದ್ದೇ, ಇನ್ನೂ ಚಾಲ್ತಿಯಲ್ಲಿದೆಯೇ, ಯಾರ ಹೆಸರಿನದು? ಸರಿಯಾದ ಉತ್ತರ ಬಂದ ಮೇಲೆ ಆ ಹೆಸರಿಗೆ ಏನೇನು ಸಲ್ಲುತ್ತದೆಂದು ನೋಡಿ ಅಷ್ಟನ್ನೇ ಕೊಡುತ್ತದೆ. ಡೇಟಾಬೇಸ್ ಬೇಕೆಂದರೆ ಆ ಪಾಡ್‌ಗೆಂದೇ ಹೊಸ ಬಳಕೆದಾರ ಹೆಸರು ಸೃಷ್ಟಿಸಿ, ಅವಧಿ ಮುಗಿದ ಮೇಲೆ ತಾನೇ ಅಳಿಸುತ್ತದೆ. ಅಥೀನಾದ ಟಿಕೆಟ್ ಮೂವತ್ತು ವರ್ಷಗಳ ಮೇಲೆ ಯಂತ್ರಗಳಿಗೂ ದಕ್ಕಿತು. ನನ್ನ ಹಿರಿಯರು ಮುಟ್ಟಬೇಡವೆಂದಿದ್ದ ಪಾಸ್‌ವರ್ಡು ಈಗ ಯಾರ ಕೈಯೂ ಸೋಕದೆ ಹುಟ್ಟಿ ಸಾಯುತ್ತದೆ.

ಹೊರಗಿನ ಸರ್ವರಿಗೆ ಜೋಡಿಸುವಾಗ ನಾನು ಕಿರಿಯರಿಗೆ ಮೊದಲು ತೋರಿಸುವುದು ಎರಡು ದಾರಿಗಳನ್ನು. ಪಾಡ್‌ನಿಂದ ವಾಲ್ಟ್‌ನ 8200ನೇ ಪೋರ್ಟಿಗೆ ಹೋಗುವ ದಾರಿ ಎಲ್ಲರಿಗೂ ಹೊಳೆಯುತ್ತದೆ. ವಾಲ್ಟ್‌ನಿಂದ ಎಪಿಐ ಸರ್ವರಿಗೆ ವಾಪಸು ಬರುವ ದಾರಿಯನ್ನು ಫೈರ್‌ವಾಲಿನಲ್ಲಿ ತೆರೆಯದಿದ್ದರೆ ವಿಚಾರಣೆಯೇ ನಡೆಯುವುದಿಲ್ಲ. ವಾಲ್ಟ್‌ಗೆ ಮೂರು ಸಂಗತಿ ಮೊದಲೇ ಹೇಳಿಕೊಡಬೇಕು: ಎಪಿಐ ಸರ್ವರಿನ ವಿಳಾಸ, ಅದನ್ನು ಗುರುತಿಸುವ ಪ್ರಮಾಣಪತ್ರ, ಬೇರೆಯವರ ಟೋಕನ್ ಪರಿಶೀಲಿಸುವ ಅಧಿಕಾರವಿರುವ ಒಂದು ಟೋಕನ್. ವಾಲ್ಟ್ ಕ್ಲಸ್ಟರಿನೊಳಗೇ ಇದ್ದರೆ ಪ್ರಮಾಣಪತ್ರವನ್ನೂ ಟೋಕನ್ನನ್ನೂ ತಾನೇ ಎತ್ತಿಕೊಳ್ಳುತ್ತದೆ. ಹೊರಗಿದ್ದರೆ ನಾವೇ ಕೊಡಬೇಕು. ಕ್ಲಸ್ಟರಿನೊಳಗೆ, ಯಾವ ಪಾಡ್‌ಗೂ ಕಟ್ಟುಬೀಳದ ಒಂದು ಸರ್ವೀಸ್ ಮಾಡಿ, ಅದರ ಎಂಡ್‌ಪಾಯಿಂಟ್ ಆಗಿ ಹೊರಗಿನ ಸರ್ವರಿನ ಐಪಿ ವಿಳಾಸ ಬರೆದರೆ ಪ್ರೋಗ್ರಾಂಗಳು ಅದನ್ನು ಒಳಗಿನದೇ ಎಂಬಂತೆ ಹೆಸರು ಹಿಡಿದು ಕರೆಯಬಹುದು. ಸರ್ವರು ಬೇರೆಡೆಗೆ ಹೋದ ದಿನ ತಿದ್ದಬೇಕಾದದ್ದು ಒಂದೇ ಜಾಗ. 2019ರ ಡಿಸೆಂಬರ್‌ನಲ್ಲಿ ಏಜೆಂಟ್ ಇಂಜೆಕ್ಟರ್ ಬಂದ ಮೇಲೆ ಹಳೆಯ ಪ್ರೋಗ್ರಾಂಗಳ ಕೋಡ್ ಮುಟ್ಟುವ ಅಗತ್ಯವೂ ತಪ್ಪಿತು. ಪಾಡ್‌ನ ವಿವರದಲ್ಲಿ ಒಂದೆರಡು ಸಾಲು ಬರೆದರೆ ಸಾಕು, ಜೊತೆಗೊಂದು ಸಹಾಯಕ ಕಂಟೇನರ್ ನಿಂತು ವಾಲ್ಟ್‌ನ ಜೊತೆ ಮಾತಾಡಿ ಗುಟ್ಟನ್ನು ತಂದು ಒಂದು ಫೈಲಿನಲ್ಲಿ ಇಡುತ್ತದೆ. ಆ ಫೈಲು ಮೆಮೊರಿಯಲ್ಲಿ ಮಾತ್ರ ಇರುತ್ತದೆ.

ಆಮೇಲೂ ಬದಲಾವಣೆ ನಿಲ್ಲಲಿಲ್ಲ. ಮೊದಲಿನ ಪಾಡ್ ಟೋಕನ್ನುಗಳಿಗೆ ಆಯಸ್ಸಿನ ಮಿತಿಯೇ ಇರಲಿಲ್ಲ. 2021ರಲ್ಲಿ 1.21ನೇ ಆವೃತ್ತಿಯಿಂದ ಅವುಗಳಿಗೆ ಅವಧಿ ಬಂತು, ಪಾಡ್ ಅಳಿದರೆ ಟೋಕನ್ನೂ ಸಲ್ಲದಾಯಿತು. 2022ರ 1.24ನೇ ಆವೃತ್ತಿ, ಕೊನೆಯಿಲ್ಲದ ಟೋಕನ್ನುಗಳನ್ನು ತಾನಾಗಿ ಮಾಡಿಡುವುದನ್ನೇ ನಿಲ್ಲಿಸಿತು. ಆಗ ಹೊರಗಿನ ವಾಲ್ಟ್ ಇಟ್ಟುಕೊಂಡಿದ್ದವರು ಪರಿಶೀಲನೆಯ ಟೋಕನ್ ಎಲ್ಲಿಂದ ತರುವುದೆಂದು ಮತ್ತೆ ಯೋಚಿಸಬೇಕಾಯಿತು. ಬಾಳಿಕೆಯ ಟೋಕನ್ನನ್ನು ಬೇಕೆಂದೇ ಮಾಡಿ ಕೊಡಬಹುದು. ಇಲ್ಲವೇ ಕೇಳಲು ಬಂದ ಪಾಡ್‌ನ ಟೋಕನ್ನಿನಿಂದಲೇ ವಿಚಾರಣೆ ನಡೆಸಬಹುದು, ಆಗ ಪ್ರತಿ ಪಾಡ್‌ಗೂ ಆ ಅಧಿಕಾರ ಹಂಚಬೇಕು. ಸಹಿಯನ್ನು ಮಾತ್ರ ಪರೀಕ್ಷಿಸುವ ಮೂರನೇ ದಾರಿಯಲ್ಲಿ ವಾಪಸು ದಾರಿ ತೆರೆಯುವ ತಾಪತ್ರಯ ತಪ್ಪುತ್ತದೆ, ಆದರೆ ಅಳಿದ ಪಾಡ್‌ನ ಟೋಕನ್ ಅವಧಿ ಮುಗಿಯುವವರೆಗೆ ಸಲ್ಲುತ್ತಲೇ ಇರುತ್ತದೆ. ನಾನು ಎಲ್ಲಿ ಸಾಧ್ಯವೋ ಅಲ್ಲಿ ಎರಡನೆಯದನ್ನು ಆರಿಸುತ್ತೇನೆ, ಏಕೆಂದರೆ ಅದರಲ್ಲಿ ಶಾಶ್ವತವಾಗಿ ಉಳಿಯುವ ಗುಟ್ಟು ಒಂದೂ ಇಲ್ಲ.

2023ರ ಆಗಸ್ಟ್‌ನಲ್ಲಿ ಹಾಶಿಕಾರ್ಪ್ ವಾಲ್ಟ್‌ನ ಮುಕ್ತ ಪರವಾನಗಿಯನ್ನು ಬದಲಾಯಿಸಿತು. ಹಳೆಯ ಮುಕ್ತ ಕೋಡನ್ನು ಹಿಡಿದು ಓಪನ್‌ಬಾವ್ ಎಂಬ ಕವಲು ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ ಬೆಳೆಯುತ್ತಿದೆ. 640 ಕೋಟಿ ಡಾಲರಿಗೆ ಹಾಶಿಕಾರ್ಪನ್ನು ಕೊಳ್ಳುವುದಾಗಿ ಐಬಿಎಂ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಸರ್ವರಿನ ಹೆಸರೂ ಒಡೆಯರೂ ಹೀಗೆ ಬದಲಾಗುತ್ತಲೇ ಇರುತ್ತಾರೆ. ಅದಕ್ಕೇ ಒಂದು ಉತ್ಪನ್ನವನ್ನು ಕಲಿತರೆ ಸಾಲದು ಎನ್ನುತ್ತೇನೆ.

ವಾಲ್ಟ್‌ನ ಒಂದು ನಡವಳಿಕೆ ನನಗೆ ಬಹಳ ಹಿಡಿಸಿದೆ. ಯಾರು ಏನು ಕೇಳಿದರೆಂಬ ದಾಖಲೆ ಬರೆಯುವ ಏರ್ಪಾಟು ಮಾಡಿಟ್ಟ ಮೇಲೆ, ದಾಖಲೆ ಬರೆಯಲು ಆಗದಿದ್ದರೆ ಅದು ಯಾವ ಕೋರಿಕೆಗೂ ಉತ್ತರ ಕೊಡುವುದಿಲ್ಲ. ಆ ದಾಖಲೆಯಲ್ಲೂ ಗುಟ್ಟಿನ ಜಾಗದಲ್ಲಿರುವುದು ಅರೆದ ರೂಪ ಮಾತ್ರ, 594ನೇ ಪುಟ ಹೇಳಿಕೊಟ್ಟಂತೆ. ಲಕೋಟೆಯ ಪುಸ್ತಕದಲ್ಲಿದ್ದ ಮರ್ಯಾದೆ ಇಲ್ಲಿ ಯಂತ್ರದ ನಿಯಮವಾಗಿದೆ.

ಇಷ್ಟಾದರೂ ಸರಪಳಿಯ ಕೊನೆಯಲ್ಲಿ ಮನುಷ್ಯರೇ ಇದ್ದಾರೆ. ಐದು ಪಾಲುಗಳನ್ನು ಇಟ್ಟುಕೊಂಡ ಐವರಲ್ಲಿ ಇಬ್ಬರು ಕೆಲಸ ಬಿಟ್ಟು, ಒಬ್ಬರು ತಮ್ಮ ಪಾಲನ್ನು ಎಲ್ಲಿಟ್ಟಿದ್ದೇವೆಂದು ಮರೆತರೆ ಯಾವ ಗಣಿತವೂ ಬಾಗಿಲು ತೆರೆಯದು. ಹಾಗಾಗಿ ನಮ್ಮ ತಂಡದಲ್ಲಿ ವಾಲ್ಟನ್ನು ಬೇಕೆಂದೇ ಮುಚ್ಚಿ ಮೂವರನ್ನು ಕರೆಸಿ ತೆರೆಸುವ ತಾಲೀಮು ನಡೆಸುತ್ತೇವೆ. ಪಾಲು ಹಿಡಿದವರು ಕೆಲಸ ಬಿಟ್ಟರೆ ಅದೇ ವಾರ ಕೀಲಿಯನ್ನು ಹೊಸದಾಗಿ ಪಾಲು ಮಾಡುತ್ತೇವೆ. ಹೊಸಬರು ಕ್ಲಸ್ಟರ್ ಜೋಡಿಸಲು ಕೂರುವ ಮೊದಲು ಐದು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಸುತ್ತೇನೆ. ಕಾಯುವವರು ಯಾರು? ಕೇಳುವವರು ಯಾರು? ಕೇಳುವವರ ಗುರುತಿಗೆ ಸಾಕ್ಷಿ ಹೇಳುವವರು ಯಾರು? ಎಷ್ಟು ಹೊತ್ತಿಗೆ? ಬರೆದಿಡುವವರು ಯಾರು? ಒಂದೊಂದು ಪ್ರಶ್ನೆಯ ಹಿಂದೆಯೂ ಎಲ್ಲೋ ಒಂದು ಮನೆಮುರುಕ ಸೋಲಿದೆ, ಅದನ್ನು ಕೂಲಂಕಷವಾಗಿ ನೋಡಿ ಮುಂದಿನವರಿಗೆಂದು ಬರೆದಿಟ್ಟ ಯಾರದೋ ದುಡಿಮೆ ಇದೆ. ಉತ್ತರ ಬರೆಯಲು ಬಂದವರಿಗೆ ಕಮಾಂಡುಗಳನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು.